ಎಲೆಯ ತುದಿಯ ಉಪ್ಪು

"ಸರ್, ಕೇಳಿದಾಗೆಲ್ಲಾ ಶಂಕ್ರವ್ವ ಛಲೋ ಆಗೇತಿ ಅಂತಾಳ. ಆದ್ರ ಒಂದ್ ದಿನಾನೂ ಆ್ಯಪ್ ತಗದು ನೋಡೂದಿಲ್ಲ. ನಂದೇನು ತಪ್ಪೈತಿ?"

ಭುವನಾ ಹಂಚಿನಮನಿ ಈ ಪ್ರಶ್ನೆಯನ್ನು ಹೊಸಕೇರಿ ಮಾಸ್ತರರ ಮುಂದಿಟ್ಟಾಗ ಬೆಳಗಿನ ಹನ್ನೊಂದು ಗಂಟೆ. ಮಾಸ್ತರರು ಧಾರವಾಡದ ಒಂದು ಕಾಲೇಜಿನಲ್ಲಿ ಮೊಬೈಲ್ ಆ್ಯಪ್ ವಿನ್ಯಾಸ ಕಲಿಸುತ್ತಾರೆ. ಆ ವರ್ಷದ ವಿಷಯ ಊಟ. ಊಟಕ್ಕೆ ಸಂಬಂಧಿಸಿದ ಒಂದು ಆ್ಯಪ್ ಮಾಡಬೇಕು, ಜನರಿಗೆ ತೋರಿಸಬೇಕು, ತಿದ್ದಬೇಕು, ಮತ್ತೆ ತೋರಿಸಬೇಕು. ಕೊನೆಗೆ ಯಾರಿಗಾಗಿ ಮಾಡಿದ್ದೋ ಅವರು ಅದನ್ನು ಒಂದು ವಾರ ತಾವಾಗಿಯೇ ಬಳಸಬೇಕು. ಬಳಸಿದರೆ ಪಾಸು. ಒಲಿದರೆ ಹೊಸಕೇರಿ, ಮುನಿದರೆ ಮುಂದಿನ ವರ್ಷ ಎಂದು ಹುಡುಗರು ಹಾಡಿಕೊಳ್ಳುತ್ತಿದ್ದರು.

ಭುವನಾ ಆರಿಸಿಕೊಂಡದ್ದು ಕಾಲೇಜಿನ ಹಿಂದಿನ ಶಂಕ್ರವ್ವನ ಖಾನಾವಳಿಯನ್ನು. ಮಧ್ಯಾಹ್ನ ಅಲ್ಲಿ ಒಂದು ದಿನ ಎಪ್ಪತ್ತು ಜನ ಉಣ್ಣಲು ಬರುತ್ತಾರೆ, ಒಂದು ದಿನ ಮೂವತ್ತು. ಎಪ್ಪತ್ತು ಬಂದ ದಿನ ಕೊನೆಯವರಿಗೆ ರೊಟ್ಟಿ ಇಲ್ಲ. ಮೂವತ್ತು ಬಂದ ದಿನ ಶಂಕ್ರವ್ವನ ಮುಖದಲ್ಲಿ ನಗು ಇಲ್ಲ. ಅದಕ್ಕೇ ಭುವನಾ 'ತಾಟು' ಎಂಬ ಆ್ಯಪ್ ಮಾಡಿದಳು. ಉಣ್ಣುವವರು ಬೆಳಿಗ್ಗೆ ಒಂದು ಗುಂಡಿ ಒತ್ತಿದರೆ ಸಾಕು, ಇವತ್ತು ಎಷ್ಟು ಜನ ಎಂಬುದು ಶಂಕ್ರವ್ವನ ಮೊಬೈಲಿನಲ್ಲಿ ಕಾಣುತ್ತದೆ.

ಶಂಕ್ರವ್ವ ಅದನ್ನು ತೆರೆಯಲಿಲ್ಲ. ಭುವನಾ ಪಲ್ಯಗಳ ಪಟ್ಟಿ ಸೇರಿಸಿದಳು. ಆಗಲೂ ತೆರೆಯಲಿಲ್ಲ. ಹಬ್ಬಕ್ಕೊಂದು ಬಣ್ಣ ಬಂತು, ಉಂಡವರಿಗೆ ನಕ್ಷತ್ರ ಬಂತು, ಇಂಟರ್‌ನೆಟ್ಟಿನಿಂದ ಇಳಿಸಿದ ರೊಟ್ಟಿಯ ಚಿತ್ರ ಬಂತು. ಏಳು ಸಲ ತಿದ್ದಿದ್ದಾಯಿತು. ಹನ್ನೊಂದು ಸಲ ಖಾನಾವಳಿಗೆ ಹೋಗಿ ತೋರಿಸಿದ್ದಾಯಿತು. ಗದ್ದಲದಲ್ಲಿ ತೊಂದರೆ ಕೊಡಬಾರದೆಂದು ಪ್ರತಿ ಸಲವೂ ಹೋದದ್ದು ಮಧ್ಯಾಹ್ನ ಮೂರಕ್ಕೆ, ಒಲೆ ಆರಿ ಶಂಕ್ರವ್ವ ಕಾಲು ಚಾಚಿ ಕೂತ ಹೊತ್ತಿಗೆ.

"ಮದಲ ಒಂದ್ ತುತ್ತು ಉಣ್ಣು ಬಾರವಾ," ಎನ್ನುತ್ತಿದ್ದಳು ಶಂಕ್ರವ್ವ. "ಡಬ್ಬಿ ಉಂಡು ಬಂದೇನ್ರೀ ಅವ್ವಾ, ಇದನ್ನ ನೋಡ್ರಿ," ಎಂದು ಭುವನಾ ಮೊಬೈಲು ಹಿಡಿಯುತ್ತಿದ್ದಳು. ಶಂಕ್ರವ್ವ ನೋಡಿ, ಅವಳ ಗಲ್ಲ ಸವರಿ, ಎಷ್ಟು ಛಲೋ ಮಾಡಿದ್ದೀಯ ಎನ್ನುತ್ತಿದ್ದಳು. ಭುವನಾ ಹಿಗ್ಗಿಕೊಂಡು ಮರಳುತ್ತಿದ್ದಳು. ಮರುದಿನ ನೋಡಿದರೆ ತಾಟು ಖಾಲಿ.

ಗಡುವಿಗೆ ಉಳಿದದ್ದು ಇನ್ನು ಎಂಟು ದಿನ. ಪಾಸಾಗುವ ಚಿಂತೆ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಷ್ಟು ಪ್ರೀತಿಯಿಂದ ಮಾತಾಡಿಸುವ ಹೆಂಗಸಿಗೆ ತನ್ನಿಂದ ಎಳ್ಳಷ್ಟೂ ಉಪಯೋಗವಾಗಲಿಲ್ಲವಲ್ಲ ಎಂಬುದು ಅವಳನ್ನು ಕೊರೆಯುತ್ತಿತ್ತು.

ಮಾಸ್ತರರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಕನ್ನಡಕ ತೆಗೆದರೆಂದರೆ ಕತೆ ಬಂತೆಂದು ಇಡೀ ತರಗತಿಗೆ ಗೊತ್ತು.

ಒಂದು ಊರಿನಲ್ಲಿ ಒಬ್ಬ ಅಡುಗೆಯವನಿದ್ದ. ಮದುವೆಯಾಗಲಿ, ತೊಟ್ಟಿಲಾಗಲಿ, ಊರಿನವರು ಅವನನ್ನೇ ಕರೆಯುತ್ತಿದ್ದರು. ದೇವರ ಎಡೆಯಾಗುವ ತನಕ ಅಡುಗೆಯ ರುಚಿ ನೋಡುವಂತಿರಲಿಲ್ಲ. ಹಾಗಾಗಿ ಅವನ ಅಳತೆಯೆಲ್ಲ ಮುಷ್ಟಿಯಲ್ಲಿತ್ತು. ನೂರು ಜನರ ಸಾರಿಗೆ ಇಷ್ಟು ಹಿಡಿ ಉಪ್ಪು ಎಂದರೆ ಇಷ್ಟೇ. ಎಲ್ಲರೂ ಉಂಡ ಮೇಲೆ ಅವನು ಒಳಗೆ ಒಬ್ಬನೇ ಕೂತು ಮಜ್ಜಿಗೆ ಅನ್ನ ಉಣ್ಣುತ್ತಿದ್ದ. ಬೆಳಗಿನಿಂದ ಹೊಗೆ ಕುಡಿದ ಹೊಟ್ಟೆಗೆ ಬೇರೇನೂ ಸೇರುತ್ತಿರಲಿಲ್ಲ. ಹೀಗೇ ನಲವತ್ತು ವರ್ಷ ಕಳೆಯಿತು.

ಆಮೇಲೆ ಏನಾಯಿತೋ, ಅವನಿಗೆ ಕರೆ ಕಡಿಮೆಯಾಯಿತು. ಮೊದಲು ತಿಂಗಳಿಗೆ ಹತ್ತು ಮನೆ, ಆಮೇಲೆ ಐದು, ಆಮೇಲೆ ಎರಡು. ಸೌಟು ಹಿಡಿಯುವುದು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅವನು ಪಂಕ್ತಿಯ ನಡುವೆ ನಡೆದು ಒಬ್ಬೊಬ್ಬರನ್ನೇ ಕೇಳಿದ. ಹೇಗಾಗಿದೆ ಎಂದ. ಬಹಳ ಛಲೋ ಆಗಿದೆ ಎಂದರು. ಕರೆದವರ ಮನೆಯ ಎಲೆಗೆ ಕೂತು ಕೊರತೆ ಎತ್ತಿ ಆಡುವವರು ನಮ್ಮ ಕಡೆ ಇನ್ನೂ ಹುಟ್ಟಬೇಕು. ಅಡುಗೆಯವನು ಯೋಚಿಸಿದ. ಹಾಗಾದರೆ ಬಗೆ ಕಡಿಮೆ ಬಿದ್ದಿರಬೇಕು ಎಂದುಕೊಂಡ. ಎರಡು ಪಲ್ಯ ನಾಲ್ಕಾಯಿತು, ಒಂದು ಕೋಸಂಬರಿ ಮೂರಾಯಿತು. ಎಲೆಯಲ್ಲಿ ಜಾಗ ಸಾಲದೆ ಪಾಯಸ ಹರಿದು ಪಲ್ಯಕ್ಕೆ ಸೇರಿತು. ಹೊಗಳಿಕೆ ಹೆಚ್ಚಿತು. ಕರೆ ಮತ್ತೂ ಇಳಿಯಿತು.

ಇಲ್ಲಿಗೆ ಬಂದಾಗ ಭುವನಾ ತನ್ನ ಮೊಬೈಲನ್ನು ಮೆಲ್ಲಗೆ ಬೋರಲು ಹಾಕಿದಳು. ಮಾಸ್ತರರು ನೋಡಿಯೂ ನೋಡದಂತೆ ಮುಂದುವರಿಸಿದರು.

ಆ ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ಇನ್ನೂ ಸಣ್ಣ ವಯಸ್ಸಿನವನು. ತನ್ನ ಮಗಳ ತೊಟ್ಟಿಲ ಊಟಕ್ಕೆ ಅವನು ಈ ಅಡುಗೆಯವನನ್ನೇ ಕರೆಸಿದ. ಎಡೆಯಾಯಿತು, ಎಲೆ ಹಾಕಿದರು. ಆಗ ವ್ಯಾಪಾರಿ ಒಳಗೆ ಬಂದು ಅಡುಗೆಯವನ ಕೈಯೊಳಗಿನ ಸೌಟು ತೆಗೆದಿಟ್ಟ.

"ಇವತ್ತ ನೀವು ಒಳಗಿರೂದು ಬ್ಯಾಡ್ರಿ. ನನ್ನ ಬಾಜೂಕ ಬಂದು ಉಣ್ಣಾಕ ಕೂಡ್ರಿ."

ಅಡುಗೆಯವನು ನಾಚಿದ, ಬೇಡವೆಂದ, ಕೊನೆಗೆ ಕೂತ. ನಲವತ್ತು ವರ್ಷದಲ್ಲಿ ಅವನು ಪಂಕ್ತಿಯಲ್ಲಿ ಕೂತದ್ದು ಅದೇ ಮೊದಲು. ಎಲೆಯ ತುದಿಗೆ ಚಿಟಿಕೆ ಉಪ್ಪು ಬಡಿಸಿಕೊಂಡು ಹೋದರು, ಎಲ್ಲರಿಗೂ ಬಡಿಸುವಂತೆ. ಅನ್ನ ಬಂತು, ಸಾರು ಬಂತು. ಕಲಸಿ ಒಂದು ತುತ್ತು ಉಂಡ. ಎರಡನೆಯ ತುತ್ತಿಗೆ ಅವನ ಕೈ ತಾನಾಗಿಯೇ ಎಲೆಯ ತುದಿಯ ಉಪ್ಪಿಗೆ ಹೋಯಿತು.

ಕೈ ಅಲ್ಲಿಯೇ ನಿಂತಿತು. ಪಕ್ಕಕ್ಕೆ ನೋಡಿದ. ವ್ಯಾಪಾರಿಯ ಕೈಯೂ ಉಪ್ಪಿನ ಮೇಲಿತ್ತು. ಅವನಾಚೆಯವನದೂ ಅಲ್ಲೇ. ಪಂಕ್ತಿಯ ಉದ್ದಕ್ಕೂ ನೋಡಿದ. ಯಾರೂ ಏನೂ ಅನ್ನದೆ, ಮಾತು ನಿಲ್ಲಿಸದೆ, ಒಬ್ಬರಾದ ಮೇಲೆ ಒಬ್ಬರು ಉಪ್ಪು ಮುಟ್ಟುತ್ತಿದ್ದರು. ಕೆಲವರ ಎಲೆಯಲ್ಲಿ ಉಪ್ಪು ಆಗಲೇ ಮುಗಿದಿತ್ತು. ಅಷ್ಟರಲ್ಲಿ ಬಡಿಸುವವನು ಬಗ್ಗಿ, ಸಾರು ಹೇಗಾಗಿದೆ ಎಂದು ಕೇಳಿದ. ಅಡುಗೆಯವನ ಬಾಯಿಯಿಂದ ಥಟ್ಟನೆ ಬಂತು, ಬಹಳ ಛಲೋ ಆಗಿದೆ.

ಕೈ ತೊಳೆಯುವಲ್ಲಿ ಅವನು ವ್ಯಾಪಾರಿಯನ್ನು ಕೇಳಿದ. "ಎಷ್ಟ್ ವರ್ಷಾತು ಹಿಂಗ? ಒಂದ್ ಮಾತು ಹೇಳಬಾರದಿತ್ತ?"

"ಮೂರು ವರ್ಷಾತ್ರಿ. ನನ್ನ ತೊಟ್ಟಿಲದ ಊಟಾನೂ ನೀವ ಮಾಡಿದ್ದು. ನಿಮ್ಮ ಕೈಯಾಗಿನ ಉಪ್ಪು ತಿಂದಾಂವ ನಾ, ಉಪ್ಪು ಸಾಲೂದಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ? ಅದಕ್ಕ ಎಲಿ ಹಾಕಿಸಿದೆ."

ಅಡುಗೆಯವನು ತನ್ನ ಕೈ ನೋಡಿಕೊಂಡ. ಬೆರಳು ಸಣಕಲಾಗಿದ್ದವು, ಅಂಗೈ ಬತ್ತಿತ್ತು. ಲೆಕ್ಕದ ಹಿಡಿ ಅಷ್ಟೇ ಇತ್ತು, ಹಿಡಿಯಲ್ಲಿ ಹಿಡಿಯುವ ಉಪ್ಪು ಕಡಿಮೆಯಾಗಿತ್ತು. ಅವನಿಗೆ ಅಳು ಬಂತು, ಅದರ ಹಿಂದೆಯೇ ನಗುವೂ ಬಂತು. ಮುಂದಿನ ಊಟಕ್ಕೆ ಒಂದು ಹಿಡಿ ಉಪ್ಪು ಹೆಚ್ಚು ಹಾಕಿದ, ಎರಡು ಪಲ್ಯ ಬಿಟ್ಟ. ಅಂದಿನಿಂದ ಎಡೆಯಾದ ಮೇಲೆ ಮೊದಲ ಪಂಕ್ತಿಯಲ್ಲಿ ಅವನದೂ ಒಂದು ಎಲೆ ಇರುತ್ತಿತ್ತು. ಊರಿನವರು ಮತ್ತೆ ಅವನನ್ನು ಕರೆಯತೊಡಗಿದರು.

ಕತೆ ಅಲ್ಲಿಗೆ ಮುಗಿಯಿತು. ಭುವನಾಳ ಮುಖ ಅರಳಿತು. ಜಾಣೆ ಹುಡುಗಿ, ಕತೆ ಮುಗಿಯುವ ಮೊದಲೇ ಸಾರ ಹಿಂಡಿ ಇಟ್ಟುಕೊಂಡಿದ್ದಳು.

"ತಿಳೀತ್ರಿ ಸರ್. ಕೇಳಬಾರದು, ನೋಡಬೇಕು. ಇವತ್ತ ಮೂರಕ್ಕ ಹೋಗ್ತೀನಿ, ಶಂಕ್ರವ್ವ ತಾಟು ಹೆಂಗ ಬಳಸ್ತಾಳ ಅಂತ ವಿಡಿಯೋ ಮಾಡಿಕೊಂಡು ಬರ್ತೀನಿ."

ಮಾಸ್ತರರು ಕನ್ನಡಕ ಹಾಕಿಕೊಂಡರು. ಬೋರಲು ಬಿದ್ದಿದ್ದ ಅವಳ ಮೊಬೈಲನ್ನು ತಿರುಗಿಸಿ ತಾಟು ತೆರೆದರು. ಇಂಟರ್‌ನೆಟ್ಟಿನ ಆ ರೊಟ್ಟಿ ತೆರೆಯ ತುಂಬ ಹೊಳೆಯಿತು. ಅದನ್ನು ಅವಳ ಕಡೆಗೆ ಹಿಡಿದು, ಮಗಳನ್ನು ಕೇಳುವಂತೆ ಮೆಲ್ಲಗೆ ಕೇಳಿದರು.

"ಶಂಕ್ರವ್ವನ ರೊಟ್ಟಿ ಮೆತ್ತಗಿರತಾವೊ, ಕಟಕ ಇರತಾವೊ?"

ಹನ್ನೊಂದು ಸಲ ಹೋಗಿದ್ದರೂ ಭುವನಾ ಅಲ್ಲಿ ಒಂದು ತುತ್ತೂ ಉಂಡಿರಲಿಲ್ಲ. ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು, ಮೂರು ಗಂಟೆಗೆ ಕಾಯದೆ, ಖಾನಾವಳಿಯ ಕಡೆ ಹೊರಟಳು.