ಬದುಕಿದವ್ವನ ಗುಡ್ಡ

ಹುಣಸಿಮಟ್ಟಿಯ ಪಡುವಣಕ್ಕೆ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟಂತೆ ನಿಂತಿರುವ ಬೋಳು ಗುಡ್ಡಕ್ಕೆ ಬದುಕಿದವ್ವನ ಗುಡ್ಡ ಎಂದು ಹೆಸರು. ಅದರ ನೆತ್ತಿಯ ಮೇಲೆ ಎದೆಯೆತ್ತರದ ಒಂದು ಮಾಸ್ತಿಕಲ್ಲು ಇದೆ. ಗಂಡನ ಚಿತೆಯೇರಿದ ಹೆಂಗಸಿನ ನೆನಪಿಗೆ ಹಿಂದಿನವರು ನೆಡುತ್ತಿದ್ದ ಕಲ್ಲು ಅದು; ಮೇಲೆತ್ತಿದ ಒಂದು ತೋಳು, ತೋಳಿನಲ್ಲಿ ಏಳು ಬಳೆ, ಅಕ್ಕಪಕ್ಕದಲ್ಲಿ ಸೂರ್ಯಚಂದ್ರರು. ಸತ್ತವಳ ಕಲ್ಲು ನಿಂತ ಗುಡ್ಡಕ್ಕೆ ಬದುಕಿದವಳ ಹೆಸರೇಕೆ ಎಂದು ಹೊಸಬರು ಕೇಳಿಯೇ ಕೇಳುತ್ತಾರೆ. ಊರವರು ಉತ್ತರ ಹೇಳುವ ಮೊದಲು ಅವರನ್ನು ನಾಯಕರ ಮನೆಗೆ ಕರೆದೊಯ್ದು, ಪಡಸಾಲೆಯ ಗೋಡೆಗೆ ತೂಗುಹಾಕಿದ ಹಳೆಯ ಫೋಟೋ ತೋರಿಸುತ್ತಾರೆ. ಹಳ್ಳದ ದಂಡೆಯಲ್ಲಿ, ಒಂದು ಚಪ್ಪಟೆ ಕಲ್ಲಿನ ಮೇಲೆ, ಮುದುಕಿಯೊಬ್ಬಳು ಕಾಲು ಚಾಚಿ ಕೂತಿದ್ದಾಳೆ. ಕ್ಯಾಮೆರಾ ಹಿಡಿದವನ ಮೇಲೆ ಸಿಟ್ಟು ಬಂದಂತಿದೆ ಮುಖ. ಎರಡೂ ಕೈ ತುಂಬ ಬಳೆ. ಅವಳ ಹೆಸರು ಹುಲಿಗೆವ್ವ.

ಹಿಂದೆ ಒಮ್ಮೆ, ಈ ಸೀಮೆ ಚೂರುಚೂರಾಗಿ ಸಣ್ಣ ಸಣ್ಣ ನಾಯಕರ ಕೈಯಲ್ಲಿದ್ದಾಗ, ಈ ಊರನ್ನು ಓಬಳ ನಾಯಕನೆಂಬವನು ಆಳುತ್ತಿದ್ದನಂತೆ. ಆಳುವುದೆಂದರೆ ಹೆಚ್ಚೇನಲ್ಲ, ಒಂದು ಮಣ್ಣಿನ ಕೋಟೆ, ನಲವತ್ತು ಆಳು, ಮತ್ತು ಕೋಟೆಯೊಳಗೆ ಹಿಡಿಸಲಾರದಷ್ಟು ಬಿಂಕ. ಆ ಬಿಂಕಕ್ಕೆಲ್ಲ ಮೂಲ ಗುಡ್ಡದ ಮೇಲಿನ ಕಲ್ಲು. ಆಗ ಅದಕ್ಕೆ ಮಾಸ್ತಿಗುಡ್ಡ ಎಂದೇ ಹೆಸರು. ನಾಲ್ಕು ತಲೆಮಾರಿನ ಹಿಂದೆ ಆ ಮನೆಯ ಸೊಸೆ ಗಾಳೆವ್ವ ಹದಿನಾರನೆಯ ವಯಸ್ಸಿಗೆ ಗಂಡನ ಹಿಂದೆ ಕಿಚ್ಚು ಹಾಯ್ದಳು, ಮೈಯೆಲ್ಲ ಬೂದಿಯಾದರೂ ಅವಳ ಹಸಿರು ಗಾಜಿನ ಬಳೆಗಳು ಮಾತ್ರ ಕರಗದೆ ಉಳಿದವು ಎಂದು ಮನೆಯವರು ಹೇಳಿಕೊಳ್ಳುತ್ತಿದ್ದರು. ಬಳೆಗಳನ್ನು ಒಂದು ಪೆಟ್ಟಿಗೆಯಲ್ಲಿಟ್ಟು ದೇವರ ಕೋಣೆ ಸೇರಿಸಿದ್ದರು. ಮನೆತನದಲ್ಲಿ ಮತ್ತೊಬ್ಬಳು ಕಿಚ್ಚು ಹಾಯುವ ದಿನ ಮಾತ್ರ ಅದನ್ನು ತೆರೆಯಬೇಕು, ಆ ಬಳೆಗಳನ್ನೇ ಅವಳಿಗೆ ತೊಡಿಸಬೇಕು ಎಂಬುದು ಕಟ್ಟಳೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಬೆಂಕಿಯಲ್ಲಿ ಗಾಜು ಹೇಗೆ ಉಳಿಯಿತು ಎಂದು ಒಬ್ಬರೂ ಕೇಳಿರಲಿಲ್ಲ.

ಓಬಳ ನಾಯಕನಿಗೆ ಒಬ್ಬನೇ ಮಗ, ಜಂಬಣ್ಣ. ಹುಲಿಗೆವ್ವ ಅವನ ಕೈಹಿಡಿದು ಬಂದು ವರ್ಷ ತುಂಬಿತ್ತು, ಅವಳಿಗೆ ಹದಿನೇಳು. ಹೊಳೆಯಾಚೆಯ ನಾಯಕನೊಡನೆ ನಡೆದ ಒಂದು ಸಣ್ಣ ಕಾದಾಟದಲ್ಲಿ ಜಂಬಣ್ಣ ಬಿದ್ದ. ಹೆಣವನ್ನು ಹೊಳೆ ಒಯ್ದಿತು, ಮನೆಗೆ ಬಂದದ್ದು ಕೆಸರು ನೆತ್ತರು ಮೆತ್ತಿದ ಅವನ ರುಮಾಲು ಮಾತ್ರ. ನಾಯಕ ಆ ರುಮಾಲನ್ನು ಎದೆಗವಚಿಕೊಂಡು ಎರಡು ದಿನ ಅತ್ತ. ಮೂರನೆಯ ದಿನ ಎದ್ದು ಕೂತು, ಅಮಾವಾಸ್ಯೆಯ ಮಧ್ಯಾಹ್ನ ಸೊಸೆ ಆ ರುಮಾಲಿನೊಡನೆ ಕಿಚ್ಚು ಹಾಯುತ್ತಾಳೆ, ಅದು ನಮ್ಮ ಮನೆತನದ ಪದ್ಧತಿ ಎಂದು ಸಾರಿಬಿಟ್ಟ. ಹುಲಿಗೆವ್ವನನ್ನು ಒಂದು ಮಾತು ಕೇಳಿದವರಿಲ್ಲ. ಹಳ್ಳದ ದಂಡೆಗೆ ಒಂದು ಕಲ್ಲು ತರಿಸಿದರು, ಕಲ್ಲುಕುಟಿಗ ಬಂದ. ಬೀಸುಕಲ್ಲಿನ ಮುಂದೆ ಕೂತ ಹುಲಿಗೆವ್ವನಿಗೆ ದಿನವಿಡೀ ಉಳಿಯ ಸದ್ದು ಕೇಳುತ್ತಿತ್ತು. ಕೆತ್ತನೆ ಶುರುವಾದ ನಾಲ್ಕನೆಯ ದಿನ ಕುಟಿಗನ ಆಳೊಬ್ಬ ಅಂಗಳಕ್ಕೆ ಬಂದು, "ಬಳಿ ಎಷ್ಟು ಕೆತ್ತಬೇಕಂತ್ರಿ?" ಎಂದು ಕೇಳಿದ. "ಹಿರ್‍ಯಾಕಿಗೆ ಎಷ್ಟದಾವೋ ಅಷ್ಟ. ಏಳು," ಎಂದಿತು ಮಾವನ ದನಿ. ಕೆತ್ತುತ್ತಿರುವುದು ತನ್ನ ತೋಳನ್ನು ಎಂದು ಹುಲಿಗೆವ್ವನಿಗೆ ಆಗ ಹೊಳೆಯಿತು. ಅವಳ ಕೈ ಬೀಸುಕಲ್ಲಿನ ಗೂಟದ ಮೇಲೆ ಹಾಗೆಯೇ ನಿಂತುಬಿಟ್ಟಿತು. ಗಂಡನಿಗಾಗಿ ಅವಳು ಅತ್ತದ್ದು ನಿಜ. ಆದರೆ ಸಾಯುವುದು ಅವಳಿಗೆ ಬೇಕಿರಲಿಲ್ಲ.

ಅಮಾವಾಸ್ಯೆ ಬಂತು. ಬೆಳಿಗ್ಗೆ ಅತ್ತೆ ಯಂಕವ್ವ ಸೊಸೆಗೆ ಎಣ್ಣೆ ನೀರು ಹಾಕಿ, ಮದುವೆಯ ಸೀರೆ ಉಡಿಸಿ, ದೇವರ ಕೋಣೆಯಲ್ಲಿ ಕೂರಿಸಿಕೊಂಡು ಪೆಟ್ಟಿಗೆ ತೆರೆದಳು. ಯಂಕವ್ವನ ಕಣ್ಣಲ್ಲಿ ನೀರು ಬತ್ತಿಹೋಗಿತ್ತು. ಮಗ ಹೋದ, ಈಗ ಮಗಳಂಥವಳೂ ಹೊರಟಳು. ಹಸಿರು ಬಳೆಗಳನ್ನು ತೆಗೆದು ಹುಲಿಗೆವ್ವನ ಕೈಗೆ ಏರಿಸಿದಳು. ಬಳೆ ಬೆರಳನ್ನು ಹಿಸುಕಿ ನೋಯಿಸಿ ಏರಬೇಕಾದದ್ದು ವಾಡಿಕೆ. ಇವು ಸರ್ರನೆ ಜಾರಿ ಮೊಣಕೈ ದಾಟಿದವು, ಕೈ ಇಳಿಬಿಟ್ಟರೆ ನೆಲಕ್ಕೆ ಬೀಳುವಂತಿದ್ದವು. ಅತ್ತೆ ಸೊಸೆ ಇಬ್ಬರೂ ದಂಗಾಗಿ ಒಬ್ಬರ ಮುಖ ಒಬ್ಬರು ನೋಡಿದರು. ಹುಲಿಗೆವ್ವನೇ ಬಾಯಿ ಬಿಟ್ಟಳು. "ಅತ್ತಿ, ಹದಿನಾರರ ಹುಡುಗಿಗೆ ಇಷ್ಟು ದೊಡ್ಡ ಬಳಿ ಯಾರು ಇಡಸ್ತಾರ? ಇವು ಹಡದು ವಯಸ್ಸಾದಾಕಿ ಅಳತೀವು." ಪೆಟ್ಟಿಗೆಯ ತಳದಲ್ಲಿ ಇನ್ನೊಂದು ವಸ್ತು ಇತ್ತು. ಎಳೆಗೂಸಿನ ಸೊಂಟಕ್ಕೆ ಕಟ್ಟುವ ಬೆಳ್ಳಿಯ ಉಡದಾರ, ಸವೆದು ನೂಲಿನಷ್ಟಾಗಿತ್ತು. ಮಡಿಲಲ್ಲಿ ಮಗುವನ್ನೇ ಕಾಣದೆ ಸುಟ್ಟುಹೋದವಳ ಪೆಟ್ಟಿಗೆಯಲ್ಲಿ ಉಡದಾರಕ್ಕೇನು ಕೆಲಸ? ಯಂಕವ್ವ ಅದನ್ನು ಸೆರಗಿನ ತುದಿಗೆ ಗಂಟುಹಾಕಿಕೊಂಡಳು. ಅಷ್ಟರಲ್ಲಿ ಹೊರಗೆ ಗಂಟೆಯ ಸದ್ದಾಯಿತು.

ಬಂದವನು ಹೆಳವರ ಸಣ್ಣೀರಪ್ಪ. ಹೆಳವರೆಂದರೆ ಎತ್ತಿನ ಬೆನ್ನೇರಿ ಊರೂರು ತಿರುಗುತ್ತ, ಮನೆಮನೆಯ ವಂಶಾವಳಿಯನ್ನು ಬರೆದಿಟ್ಟುಕೊಂಡು ಹಾಡಿ ಹೇಳುವವರು. ಹುಟ್ಟಿದವರು, ಮದುವೆಯಾಗಿ ಬಂದವರು, ಸತ್ತವರು, ಎಲ್ಲರೂ ಅವರ ಕಡತದಲ್ಲಿರುತ್ತಾರೆ. ಕಡತವೆಂದರೆ ಮಸಿ ಬಳಿದ ಗಟ್ಟಿ ಬಟ್ಟೆಯ ಮಡಿಕೆ ಮಡಿಕೆಯ ಪುಸ್ತಕ. ಮೂರು ನಾಲ್ಕು ವರ್ಷಕ್ಕೊಮ್ಮೆ ಹೆಳವ ಬಂದಾಗಲೆಲ್ಲ ನಾಯಕರ ಮನೆಯವರು, "ಅಪ್ಪಂದು, ಅಜ್ಜಂದು ಹೇಳು, ಸಾಕು," ಎಂದು ಜೋಳ ಅಳೆದು ಕಳಿಸುತ್ತಿದ್ದರು. ಇಡೀ ಕಡತ ಕೇಳುವ ಪುರುಸೊತ್ತು ಯಾರಿಗಿದೆ! ಆದರೆ ಆ ದಿನ ನಾಯಕನೇ ಅವನನ್ನು ಹೇಳಿಕಳಿಸಿ ಕರೆಸಿದ್ದ. ಮನೆತನದ ಎರಡನೆಯ ಮಾಸ್ತಿಯ ಹೆಸರು ಸೇರುವಾಗ ಮೊದಲನೆಯವಳ ಕೀರ್ತಿಯನ್ನು ಊರೆಲ್ಲ ಕೇಳಬೇಕು ಎಂಬ ಹುಮ್ಮಸ್ಸು ಅವನಿಗೆ. "ಬೇರಿನಿಂದ ಹೇಳಪ್ಪ. ಒಂದು ಹೆಸರೂ ಬಿಡಬ್ಯಾಡ," ಎಂದು ಅಪ್ಪಣೆ ಮಾಡಿ, ಕಟ್ಟೆಯ ಮೇಲೆ ಮೀಸೆ ತಿದ್ದಿಕೊಂಡು ಕೂತ. ಊರು ಅಂಗಳದ ತುಂಬ ನೆರೆದಿತ್ತು. ಹುಲಿಗೆವ್ವ ಬಾಗಿಲ ಮರೆಯಲ್ಲಿ ನಿಂತು, ಜಾರುವ ಬಳೆಗಳನ್ನು ಒಂದು ಕೈಯಿಂದ ಹಿಡಿದುಕೊಂಡು ಕೇಳತೊಡಗಿದಳು.

ಹೆಳವ ಮೂಲಪುರುಷನಿಂದ ಹಿಡಿದು ಒಂದೊಂದೇ ಮಡಿಕೆ ಬಿಚ್ಚುತ್ತ ಬಂದ. ಗಾಳೆವ್ವನ ಗಂಡನ ಹೆಸರು ಬಂದಾಗ ಜನ ಕೈಮುಗಿದರು. ಹೆಳವ ಅದೇ ರಾಗದಲ್ಲಿ ಮುಂದುವರಿಸಿದ. "ಗಂಡ ರಣದಾಗ ಬಿದ್ದ. ಗುಡ್ಡದ ಮ್ಯಾಲ ಕಲ್ಲು ನೆಟ್ಟರು. ಕಿಚ್ಚಿನ ದಿನ ಗಾಳೆವ್ವ ಬಸುರಿ ಅಂತ ಸೂಲಗಿತ್ತಿ ಹೇಳಿದಳು. ಬಸುರೀನ ಸುಡಬಾರದಂತ ಬಿಟ್ಟರು. ನೆಟ್ಟ ಕಲ್ಲು ಕೀಳಬಾರದಂತ ಕಲ್ಲೂ ಬಿಟ್ಟರು. ಏಳನೇ ತಿಂಗಳಿಗೆ ಗಂಡು ಕೂಸು. ಕೂಸಿನ ಹೆಸರು ಬೊಮ್ಮ ನಾಯಕ..."

ಮುಗಿದ ಕೈಗಳು ಕೆಳಗಿಳಿದವು. ಬೊಮ್ಮ ನಾಯಕನೆಂದರೆ ಓಬಳ ನಾಯಕನ ಮುತ್ತಜ್ಜ. ನಾಯಕನ ಮೀಸೆಯ ಮೇಲಿದ್ದ ಕೈ ಅಲ್ಲೇ ಉಳಿಯಿತು. "ಸುಳ್ಳು! ಯಾರು ಬರದಾರ ಅದನ್ನ?" ಎಂದು ಅರಚಿದ. "ನಮ್ಮ ಮುತ್ತಜ್ಜ ಬರದಾನ್ರಿ ಧಣಿ, ನಿಮ್ಮ ಬೊಮ್ಮ ನಾಯಕರ ಎದುರಿಗೇ ಕುಂತು ಬರದಾನ," ಎಂದ ಹೆಳವ ಶಾಂತವಾಗಿ, ಮುಂದಿನ ಸಾಲು ಓದಿದ. "ಗಂಡ ಸತ್ತಾಕಿ ಬಳಿ ತಗೀ ಅಂದ್ರ ಗಾಳೆವ್ವ ತಗೀಲಿಲ್ಲ. ಕಲ್ಲಿನ ಕೈಯಾಗ ಬಳಿ ಇರೂತನಕ ನನ್ನ ಕೈಯಾಗೂ ಇರತಾವ ಅಂದಳು. ತನ್ನ ಕಲ್ಲಿಗೆ ತಾನ ಒರಗಿ ಕುಂತು ಆಡು ಕಾದಳು. ಎಂಬತ್ತು ತುಂಬಿ, ಮೊಮ್ಮಕ್ಕಳ ಕೈಯಿಂದ ನೀರು ಕುಡದು ಸತ್ತಳು."

ಜನರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ದಾಯಾದಿ ಭಾಯಿಬಂದರಲ್ಲಿ ಒಬ್ಬ ಮುದುಕ ಮಾತ್ರ ಎದ್ದು, "ಆಕಿ ಬಸುರಿ ಇದ್ದಳು, ಬಿಟ್ಟರು. ಈಕಿ ಹೊಟ್ಟ್ಯಾಗೇನೈತಿ? ಪದ್ಧತಿ ಪದ್ಧತೀನ," ಎಂದ. ಆಗ ಹುಲಿಗೆವ್ವ ಹೊಸ್ತಿಲು ದಾಟಿ ಹೊರಗೆ ಬಂದಳು ಎನ್ನುತ್ತಾರೆ. ಸೊಸೆ ಮಾವನೆದುರು ಬಾಯಿ ತೆರೆಯದ ಕಾಲ ಅದು. ಅವಳ ದನಿ ಎಲ್ಲರಿಗೂ ಕೇಳಿಸಿತು. "ಮಾವ, ಹೆಳವಪ್ಪನ್ನ ಇನ್ನೊಂದು ಮಾತು ಕೇಳ್ರಿ. ಈ ಮನ್ಯಾಗ ಯಾರರ ಒಬ್ಬಾಕಿ ಸುಟ್ಟಿದ್ರ, ನಾನೂ ಸುಟ್ಟುಕೊಂತೀನಿ."

ಬಾಜಿ ಕಟ್ಟಿದ್ದು ತನ್ನ ಜೀವವನ್ನೇ. ನಾಯಕ ಕೇಳಲಿಲ್ಲ. ಯಂಕವ್ವನೇ ಗಂಡನ ಪಕ್ಕ ಬಂದು ನಿಂತು ಕೇಳಿದಳು. ಹೆಳವ ಕಡತವನ್ನು ತುದಿಯಿಂದ ತುದಿಗೆ ಬಿಚ್ಚಿ ಅಂಗಳದಲ್ಲಿ ಹಾಸಿದ. ಅದು ಕಟ್ಟೆಯಿಂದ ಬಾಗಿಲವರೆಗೆ ಬಂತಂತೆ. ಮಂಡಿಯೂರಿ, ಬೆರಳಿಟ್ಟು, ಒಂದೊಂದು ಹೆಂಗಸಿನ ಹೆಸರನ್ನೂ ಸಾವನ್ನೂ ಓದುತ್ತ ಹೋದ. ಒಬ್ಬಳು ಬಾಣಂತನದಲ್ಲಿ, ಒಬ್ಬಳು ಹಾವು ಕಚ್ಚಿ, ಒಬ್ಬಳು ಬರಗಾಲದಲ್ಲಿ, ಉಳಿದವರು ವಯಸ್ಸಾಗಿ. ಬಾಗಿಲ ಮುಂದೆ ನಿಂತ ಹುಲಿಗೆವ್ವನ ಪಾದದ ಬಳಿ ಕಡತ ಮುಗಿಯಿತು. "ಹನ್ನೊಂದು ತಲಿಮಾರು ಓದೀನ್ರಿ ಧಣಿ. ಕಿಚ್ಚಿನಾಗ ಸತ್ತಾಕಿ ಒಬ್ಬಾಕೀನೂ ಇಲ್ಲ," ಎಂದ.

ಯಂಕವ್ವ ಬೆಳ್ಳಿಯ ಉಡದಾರವನ್ನು ಗಂಡನ ಅಂಗೈಯಲ್ಲಿಟ್ಟಳು. "ಹಿಡೀರಿ. ನಿಮ್ಮ ಮುತ್ತಜ್ಜನ ನಡುವಿಂದು. ಆಕಿ ಸುಟ್ಟಿದ್ರ ನೀವೆಲ್ಲಿ ಇರ್ತಿದ್ರಿ?" ಎಂದಳು. ಓಬಳ ನಾಯಕ ಆ ಸವೆದ ಬೆಳ್ಳಿಯನ್ನು ಬೆರಳಲ್ಲಿ ಸವರಿದ. ತಾನು ಇಷ್ಟು ವರ್ಷ ಯಾವ ಸಾವಿನ ಮೇಲೆ ಮೀಸೆ ತಿರುವಿದನೋ ಆ ಸಾವೇ ಆಗಿರಲಿಲ್ಲ, ಆಗಿದ್ದರೆ ಮೀಸೆಯೂ ಇರುತ್ತಿರಲಿಲ್ಲ. ಇಲ್ಲದ ಸಾವಿಗೆ ತಾನು ಇರುವ ಜೀವವನ್ನು ಕೊಡಹೊರಟಿದ್ದೆ ಎಂಬುದು ಅವನ ಮನಸ್ಸಿಗೆ ಇಳಿಯಿತು. ಕೊನೆಗೆ ಎದ್ದು, ಮಗನ ರುಮಾಲನ್ನು ತಂದು ಸೊಸೆಯ ಕೈಗಿಟ್ಟು, ತಲೆ ತಗ್ಗಿಸಿ ಒಳಗೆ ಹೋದ. ಚಿತೆಗೆಂದು ಒಟ್ಟಿದ್ದ ಸೌದೆಯನ್ನು ಊರವರು ತಂತಮ್ಮ ಒಲೆಗೆ ಒಯ್ದರು.

ಮರುದಿನ ಬೆಳಿಗ್ಗೆ ಹುಲಿಗೆವ್ವ ರುಮಾಲು ಹಿಡಿದು ಹಳ್ಳಕ್ಕೆ ಹೋದಳು. ಅಲ್ಲಿ ಅವಳ ಕಲ್ಲು ಅಂಗಾತ ಬಿದ್ದಿತ್ತು. ತೋಳು ಮುಗಿದಿತ್ತು, ಏಳು ಬಳೆಯೂ ಮುಗಿದಿದ್ದವು. ಅವಳನ್ನು ನೋಡಿ ಕಲ್ಲುಕುಟಿಗ ದೆವ್ವ ಕಂಡವನಂತೆ ಉಳಿ ಬಿಟ್ಟು ಎದ್ದು ನಿಂತ. "ನಿಂತು ಏನ್ ನೋಡ್ತಿ? ಒಂದು ಕೈ ಹಚ್ಚು," ಎಂದಳಂತೆ. ಇಬ್ಬರೂ ಸೇರಿ ಕಲ್ಲನ್ನು ಬೋರಲು ಹಾಕಿದರು. ಅದರ ಬೆನ್ನಿನ ಮೇಲೆ ಅವಳು ಗಂಡನ ರುಮಾಲನ್ನು ಕೆಸರು ಹೋಗುವ ತನಕ ಒಗೆದು, ಗಿಡದ ಮೇಲೆ ಒಣಹಾಕಿ, ಅಲ್ಲೇ ಕೂತು ಮನಸಾರೆ ಅತ್ತಳು. ಗುಡ್ಡವನ್ನು ಮಾಸ್ತಿಗುಡ್ಡ ಎನ್ನುವುದನ್ನು ಜನ ಆ ವರ್ಷವೇ ಬಿಟ್ಟರು. ಹುಲಿಗೆವ್ವನೂ ಮುಪ್ಪಿನ ತನಕ ಬದುಕಿದಳು. ಬಳೆ ತೆಗೆಯಲಿಲ್ಲ. ಗಾಳೆವ್ವನ ಬಳೆಗಳು ಅವಳ ಕೈಗೆ ಸರಿಹೊಂದಲು ಮೂವತ್ತು ವರ್ಷ ಬೇಕಾಯಿತು ಎಂದು ಮನೆಯ ಹೆಂಗಸರು ಇಂದಿಗೂ ನಗುತ್ತಾರೆ. ಫೋಟೋದಲ್ಲಿರುವವು ಅವೇ.

ಗುಡ್ಡದ ಮೇಲಿನ ಕಲ್ಲಿಗೆ ಈಗಲೂ ಅರಿಸಿನ ಕುಂಕುಮ ಏರುತ್ತದೆ. ಅದರ ಒಂದು ಮಗ್ಗುಲು ಬೆನ್ನು ಒರಗಿ ಒರಗಿ ನುಣುಪಾಗಿದೆ. ಈ ಊರಿನಲ್ಲಿ ಗಂಡ ಸತ್ತವಳ ಬಳೆಯನ್ನು ಯಾರೂ ಒಡೆಯುವುದಿಲ್ಲ. ಕೆಳಗೆ ಹಳ್ಳದ ದಂಡೆಯಲ್ಲಿ ಇನ್ನೊಂದು ಕಲ್ಲಿದೆ. ದಿನ ಬೆಳಗಾದರೆ ಹೆಂಗಸರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ, ಜಗಳವಾಡುತ್ತಾರೆ, ಸೋಪಿನ ನೊರೆ ಹರಿಯುತ್ತದೆ. ನೀರು ಇಳಿದಾಗ ಅದರ ಅಂಚಿನಡಿ ಕೈ ತೂರಿಸಿ ನೋಡು ಎಂದು ಅವರೇ ಹೇಳುತ್ತಾರೆ. ಕೆಸರಿನಲ್ಲಿ ಬೆರಳಿಗೆ ಮೊದಲು ಒಂದು ಮೊಣಕೈ ತಾಗುತ್ತದೆ, ಆಮೇಲೆ ಒಂದೊಂದಾಗಿ ಏಳು ಬಳೆ.