ಸಾಹುಕಾರರ ಕಾರಿಗೆ ಯಾವ ಬ್ರೇಕು?

ಸಾಹುಕಾರ ಶಿವನಂಜಪ್ಪನವರಿಗೆ ಹೊಸ ಸ್ಪೋರ್ಟ್ಸ್ ಕಾರಿನ ಕಬ್ಬಿಣದ ಬ್ರೇಕು ತೆಗೆಸಿ ಸೆರಾಮಿಕ್ ಹಾಕಿಸಬೇಕೋ ಬೇಡವೋ ಎಂಬ ಚಿಂತೆ ಹತ್ತಿತು. ಚಾಮುಂಡಿ ಬೆಟ್ಟ ಇಳಿಯುವಾಗ ಡ್ರೈವರನನ್ನು ಗದರಿದರು: “ಮನೆ ಮುಟ್ಟೋದರೊಳಗೆ ನೀನೇ ತೀರ್ಮಾನ ಹೇಳು. ಆಮೇಲೆ ಅದು ತಪ್ಪು ಅಂತ ನನಗನ್ನಿಸಿದರೆ ನಿನ್ನ ಕೆಲಸ ಹೋಯ್ತು ಅಂದ್ಕೋ.”

ಯಾವುದನ್ನು ಹೇಳಿದರೂ ಕೆಲಸಕ್ಕೆ ಕುತ್ತು. ಡ್ರೈವರ್ ರಸ್ತೆ ನೋಡುತ್ತಾ ಕಾರು ಓಡಿಸಿದ.

ಮುಂದೆ ದೂರದಲ್ಲಿ ಎಮ್ಮೆಗಳು ರಸ್ತೆ ತುಂಬ ನಿಂತಿದ್ದವು. ಕಾರಿನ ವೇಗ ತಗ್ಗಲಿಲ್ಲ.

“ಬ್ರೇಕ್ ಒತ್ತೋ!”

“ಯಾವುದು ಬೇಕು ಅಂತ ಇನ್ನೂ ತೀರ್ಮಾನ ಆಗಿಲ್ವಲ್ಲ, ಯಜಮಾನ್ರೇ?”

ಸಾಹುಕಾರರು ಸೀಟು ಅವುಚಿಕೊಂಡು ಅರಚಿದರು: “ಇರೋದನ್ನೇ ಒತ್ತಯ್ಯಾ! ಇರೋದೇ ಸಾಕು!”

ಕಾರು ಎಮ್ಮೆಗಳಿಗಿಂತ ಎಷ್ಟೋ ಹಿಂದೆಯೇ ಮೆತ್ತಗೆ ನಿಂತಿತು.

“ಹಾಗಾದರೆ ಕಬ್ಬಿಣವೇ ಇರಲಿ. ತೀರ್ಮಾನ ತಮ್ಮದೇ, ಯಜಮಾನ್ರೇ.”

ಸಾಹುಕಾರರು ಬೆವರೊರೆಸಿಕೊಂಡರು. “ನಡಿ,” ಎಂದರು, “ಮೆಲ್ಲಗೆ.”