ತುತ್ತಿನ ಹೊತ್ತಿನ ಕಾಗೆ

"ಇವತ್ತೂ ಎಬ್ಬಿಸಿಬಿಟ್ಟವು, ಬುದ್ಧಿ."

ಆಶ್ರಮದ ಜಗಲಿ ಹತ್ತುವ ಮೊದಲೇ ದಾಕ್ಷಾಯಿಣಿ ಇಷ್ಟು ಹೇಳಿಯಾಗಿತ್ತು. ಸೊಂಟದ ಮೇಲೆ ಎರಡು ವರ್ಷದ ಮಗಳು ಚುಕ್ಕಿ. ಚಪ್ಪಲಿ ಒಂದು ಅಲ್ಲಿ, ಒಂದು ಇಲ್ಲಿ ಬಿದ್ದವು.

ಗುರುಮಲ್ಲಯ್ಯನವರು ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾರು?"

"ಇನ್ಯಾರು, ಕಾಗೆಗಳು."

ಆಶ್ರಮ ಇರುವುದು ಹೊಳೆಯ ದಡದಲ್ಲಿ. ಅದರ ಬೆನ್ನಿಗೆ ಒಂದು ಕಾಲಕ್ಕೆ ಗದ್ದೆ ಇತ್ತು. ಈಗ ಸಾಲಾಗಿ ಮನೆಗಳಾಗಿವೆ. ಅದರಲ್ಲೊಂದು ದಾಕ್ಷಿಯದು. ಮನೆ ಮುಂದೆ ಹೊಂಗೆಮರ, ಮರದ ತುಂಬ ಕಾಗೆ.

ಅಯ್ಯನವರು ಅವಳಿಗೆ ಕೊಟ್ಟಿದ್ದ ಪಾಠ ಒಂದೇ. ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು, ದೃಷ್ಟಿಯನ್ನು ಅದರ ಮೇಲೆ ನೆಟ್ಟು ಕೂರುವುದು. ಒಂದು ಸಲ ನಡುವೆ ಏಳದೆ ಕೂತು ಬಾ, ಮುಂದಿನದನ್ನು ಆಮೇಲೆ ಹೇಳುತ್ತೇನೆ ಎಂದಿದ್ದರು.

ಅವಳಿಗೆ ಕೂರಲು ಸಿಗುವುದು ಮಧ್ಯಾಹ್ನ ಮಗು ಮಲಗಿದ ಹೊತ್ತು ಮಾತ್ರ. ಬೆಳಿಗ್ಗೆ ಗಂಡನ ಡಬ್ಬಿ, ಅತ್ತೆಯ ಕಷಾಯ, ನೀರು ಬಿಡುವ ಗಲಾಟೆ. ಸಂಜೆ ಇದ್ದೇ ಇದೆ. ಇಡೀ ದಿನದಲ್ಲಿ ಅವಳದು ಅನ್ನುವುದು ಆ ಒಂದು ತುಂಡು ಹೊತ್ತು. ಅದರಲ್ಲೇ ಕಾಗೆ ಬಂದು ಕಿಟಕಿಯ ಸರಳಿನ ಮೇಲೆ ಕೂತು ಗಂಟಲು ಹರಿದುಕೊಳ್ಳುತ್ತಿತ್ತು. ಮಗು ಬೆಚ್ಚಿ ಏಳುತ್ತಿತ್ತು. ಲಿಂಗ ವಸ್ತ್ರಕ್ಕೆ ಹೋಗುತ್ತಿತ್ತು.

"ಕಾಗೆ ಎಬ್ಬಿಸಿದ್ದು ಮಗುವನ್ನ. ನೀನ್ಯಾಕೆ ಎದ್ದೆ?" ಎಂದರು ಅಯ್ಯನವರು.

"ಮಗು ಎದ್ದ ಮೇಲೆ ತಾಯಿ ಕೂತಿರ್ತಾಳಾ? ಬುದ್ಧಿಯವರಿಗೆ ಮಕ್ಕಳಿದ್ದಿದ್ರೆ ಗೊತ್ತಾಗೋದು."

ಒಳಗೆ ಅಡುಗೆಯ ಸಿದ್ದಮ್ಮನ ಕೈಯಿಂದ ಸೌಟು ಜಾರಿದ ಸದ್ದಾಯಿತು. ಅಯ್ಯನವರು ಒಂದು ಕಲ್ಲನ್ನು ಹೆಕ್ಕಿ ಅಂಗಳಕ್ಕೆ ಎಸೆದರು.

"ಹಂಗಾದ್ರೆ ಕಾಗೆ ಇಲ್ಲದ ಜಾಗ ನೋಡ್ಕೋ."

"ಎಲ್ಲಿದೆ ಅಂಥ ಜಾಗ?"

"ನಂಗೂ ಗೊತ್ತಿಲ್ಲ. ಸಿಕ್ಕಿದ್ರೆ ಹೇಳು, ನಾನೂ ಬರ್ತೀನಿ."

ದಾಕ್ಷಿ ಮಗುವನ್ನು ಎತ್ತಿಕೊಂಡು ಹೊರಟಳು. ಗುರುಗಳು ಅಂತ ಹುಡುಕಿಕೊಂಡು ಬಂದರೆ ಒಗಟು ಹೇಳಿ ಕಳಿಸುತ್ತಾರೆ, ಇದಕ್ಕಿಂತ ಹೊಂಗೆಮರಕ್ಕೆ ಕೈಮುಗಿಯುವುದು ವಾಸಿ ಎಂದು ದಾರಿಯುದ್ದಕ್ಕೂ ಗೊಣಗಿಕೊಂಡಳು.

ಬೀದಿಯವರೆಲ್ಲ ಆಗಲೇ ಕಾಗೆಗಳ ಮೇಲೆ ಸಮರ ಸಾರಿದ್ದರು. ಎದುರುಮನೆಯ ಮರಿಸ್ವಾಮಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ನಿವೃತ್ತರಾದವರು. ಹಳೆಯ ಸೀಟಿಯನ್ನು ಕೊರಳಿಗೆ ಹಾಕಿಕೊಂಡು, ಕಾಗೆ ಕೂಗಿದಾಗಲೆಲ್ಲ ಅವರೂ ಊದುತ್ತಿದ್ದರು. ಅದರಿಂದ ಕಾಗೆಗೆ ಏನೂ ಆಗಲಿಲ್ಲ. ಬೀದಿಗೆ ಎರಡು ಸದ್ದಾಯಿತು, ಅಷ್ಟೆ. ಮೂಲೆಮನೆಯವರು ಹೊಳೆಯುವ ಸಿ.ಡಿ. ತಟ್ಟೆಗಳನ್ನು ದಾರದಲ್ಲಿ ತೂಗಿಬಿಟ್ಟರು. ಕಾಗೆಗಳು ಅದರಲ್ಲಿ ಮುಖ ನೋಡಿಕೊಂಡವು.

ಸತ್ತ ಕಾಗೆಯನ್ನು ತಲೆಕೆಳಗಾಗಿ ನೇತುಹಾಕಿದರೆ ಉಳಿದವು ಆ ಕಡೆ ತಲೆ ಹಾಕುವುದಿಲ್ಲ ಎಂದು ದಾಕ್ಷಿಗೆ ಹೇಳಿದವರು ಮರಿಸ್ವಾಮಿಯೇ. ಸತ್ತ ಕಾಗೆಯನ್ನು ಎಲ್ಲಿಂದ ತರುವುದು? ದಾಕ್ಷಿ ಹತ್ತನೇ ತರಗತಿಯವರೆಗೆ ಓದಿದವಳು, ಹೊಲಿಗೆ ಚೆನ್ನಾಗಿ ಬರುತ್ತಿತ್ತು. ಮುರಿದ ಕೊಡೆಯ ಕಪ್ಪು ಬಟ್ಟೆಯನ್ನು ಬಿಚ್ಚಿ, ಒಳಗೆ ಹತ್ತಿ ತುಂಬಿ, ರೆಕ್ಕೆ ಬಿಡಿಸಿ, ಕೊಕ್ಕಿಗೆ ಕಡ್ಡಿ ಸಿಕ್ಕಿಸಿ ಒಂದು ಕಾಗೆಯನ್ನು ಹೊಲಿದೇಬಿಟ್ಟಳು. ಅದೆಷ್ಟು ಚೆನ್ನಾಗಿ ಬಂದಿತೆಂದರೆ ಅತ್ತೆ ಅದನ್ನು ನೋಡಿ, ಶಿವ ಶಿವ ಎಂದು ಒಳಗೆ ಹೋದರು.

ಮಾಳಿಗೆಯ ಮೇಲೆ, ಬಟ್ಟೆ ಒಣಗಿಸುವ ತಂತಿಗೆ ಅದನ್ನು ತಲೆಕೆಳಗಾಗಿ ಕಟ್ಟಿದಳು. ಕೆಳಗಿಳಿದು ಬಂದು ಕೈ ತೊಳೆದುಕೊಂಡಳು. ಇವತ್ತು ನೋಡೋಣ ಎಂದುಕೊಂಡಳು.

ಮೊದಲು ಒಂದು ಕಾಗೆ ಬಂತು. ನೋಡಿತು. ಒಂದು ಕೂಗು ಹಾಕಿತು.

ಆಮೇಲೆ ಊರಿನ ಕಾಗೆಯೆಲ್ಲ ಬಂದವು. ಹೊಳೆಯಾಚೆಯವು, ಸಂತೆಮಾಳದವು, ಬಸ್‌ನಿಲ್ದಾಣದವು, ಯಾವ ಬೀದಿಯವೋ ಏನೋ. ತಂತಿಯ ಮೇಲೆ, ನೀರಿನ ಟ್ಯಾಂಕಿನ ಮೇಲೆ, ಕರೆಂಟ್ ಕಂಬದ ಮೇಲೆ ಸಾಲುಗಟ್ಟಿ ಕೂತು ಒಂದೇ ಸಮನೆ ಅರಚಿದವು. ಸೀಟಿ ಹಿಡಿದು ಹೊರಬಂದ ಮರಿಸ್ವಾಮಿಯವರ ಬೋಳುತಲೆಗೆ ಒಂದು ಕಾಗೆ ಕುಕ್ಕಿಯೇ ಹೋಯಿತು.

ಕಾಗೆ ತಲೆ ಮುಟ್ಟಿದರೆ ಸುಮ್ಮನಿರಲಾಗುತ್ತದೆಯೇ. ತಲೆಗೆ ನೀರು ಹಾಕಿಕೊಳ್ಳಬೇಕು, ಶನಿದೇವರಿಗೆ ಎಳ್ಳುಬತ್ತಿ ಹಚ್ಚಬೇಕು. ಮರಿಸ್ವಾಮಿ ಒದ್ದೆತಲೆಯಲ್ಲಿ ದೇವಸ್ಥಾನಕ್ಕೆ ಹೊರಟವರು ದಾಕ್ಷಿಯ ಬಾಗಿಲಲ್ಲಿ ನಿಂತು, ಕಾಗೆ ಹೊಲಿ ಅಂತ ನಾನು ಹೇಳಿದ್ನಾ ಎಂದು ಕೇಳಿದರು. ದಾಕ್ಷಿ, ಸತ್ತದ್ದೇ ಬೇಕು ಅಂದಿದ್ರೆ ನೀವೇ ತಂದುಕೊಡಬೇಕಿತ್ತು ಎಂದಳು. ಮಾತಿಗೆ ಮಾತು ಬೆಳೆಯಿತು. ಮಗು ಅಳುತ್ತಿತ್ತು. ಕಾಗೆಗಳು ನಿಲ್ಲಿಸಲಿಲ್ಲ.

ಅವಳು ಮತ್ತೆ ಆಶ್ರಮಕ್ಕೆ ಓಡಿದಳು.

ನಡೆದದ್ದನ್ನೆಲ್ಲ ಅಯ್ಯನವರು ಕೇಳಿಸಿಕೊಂಡರು. ಕೊಡೆ ಬಟ್ಟೆಯ ಮಾತು ಬಂದಾಗ ಅವರ ಮೀಸೆ ಸ್ವಲ್ಪ ಅಲುಗಿತು.

"ನಗಬೇಡಿ, ಬುದ್ಧಿ. ನಂಗೆ ಹುಚ್ಚು ಹಿಡಿಯೋದೊಂದು ಬಾಕಿ. ಹೆದರಿ ಹೋಗ್ತವೆ ಅಂದ್ರೆ ಬಂಧುಬಳಗವನ್ನೆಲ್ಲ ಕರ್ಕೊಂಡು ಬಂದವೆ."

"ಸಾವಿನ ಮನೆ ಮಾಡಿಟ್ಟಿದ್ದೀಯ. ಬಂದವರು ಅಳದೆ ಏನು ಮಾಡ್ತಾರೆ?"

ದಾಕ್ಷಿ ತಿರುಗಿ ನಡೆದಳು. ಮನೆಗೆ ಹೋಗಿ, ತಲೆಗೆ ಪ್ಲಾಸ್ಟಿಕ್ ಬುಟ್ಟಿ ಮಗುಚಿಕೊಂಡು ಮಾಳಿಗೆ ಹತ್ತಿ, ಬಟ್ಟೆಯ ಕಾಗೆಯನ್ನು ಬಿಚ್ಚಿ ತಂದಳು. ಸಂಜೆಯ ಹೊತ್ತಿಗೆ ಕಾಗೆಗಳ ಅಳು ಕಡಿಮೆಯಾಯಿತು.

ಮಾರನೆಯ ದಿನ ಬೀದಿಯಲ್ಲಿ ಒಂದು ಕಾಗೆಯೂ ಇಲ್ಲ.

ಹೊಂಗೆಮರ ಬರಿದಾಗಿತ್ತು. ಸಾವು ಕಂಡ ಜಾಗ ಎಂದು ಬಿಟ್ಟುಹೋಗಿರಬೇಕು. ಜನ ಕಿಟಕಿ ತೆರೆದಿಟ್ಟರು. ಮರಿಸ್ವಾಮಿಯವರು ಸೀಟಿಯನ್ನು ಮೊಳೆಗೆ ನೇತುಹಾಕಿ, ಏನೇ ಅನ್ನಿ, ಹುಡುಗಿ ಕೈಗುಣ ಚೆನ್ನಾಗಿದೆ ಎಂದು ಬೀದಿಗೆಲ್ಲ ಹೇಳಿದರು. ದಾಕ್ಷಿ ಬೇಗ ಬೇಗ ಕೆಲಸ ಮುಗಿಸಿದಳು. ಇವತ್ತು ಕೂರುತ್ತೇನೆ, ಇವತ್ತು ಆ ಶಿವನೇ ಬಂದು ಬಾಗಿಲು ತಟ್ಟಿದರೂ ಏಳುವುದಿಲ್ಲ ಎಂದುಕೊಂಡಳು. ಮಗುವಿಗೆ ಉಣ್ಣಿಸಿ ಮಲಗಿಸಿಬಿಟ್ಟರೆ ಆಯಿತು.

ಬಟ್ಟಲಲ್ಲಿ ಮೊಸರನ್ನ ಕಲಸಿಕೊಂಡು, ಚುಕ್ಕಿಯನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು, ದಿನದ ಅಭ್ಯಾಸದಂತೆ ಮರದ ಕಡೆ ಕೈ ಮಾಡಿದಳು.

"ಬಾ ಕಾಗೆ ಬಾ, ಚುಕ್ಕಿ ತುತ್ತು ತಿನ್ನೋಕೆ ಬಾ."

ಚುಕ್ಕಿಗೆ ಹಲ್ಲು ಬಂದಾಗಿನಿಂದ ಊಟ ಎಂದರೆ ಇದೇ. ಕಾಗೆಯನ್ನು ಕರೆಯಬೇಕು. ಕಾಗೆ ಬಂದು ಕೂರಬೇಕು. ನೀನು ತಿನ್ನದಿದ್ದರೆ ಅದು ತಿಂದುಬಿಡುತ್ತದೆ ಎನ್ನಬೇಕು. ಆಗ ಬಾಯಿ ತೆರೆಯುತ್ತದೆ. ಒಂದು ತುತ್ತು ಮಗುವಿಗೆ, ನಡುನಡುವೆ ಒಂದು ಅಗುಳು ಕಾಗೆಗೆ. ದಾಕ್ಷಿಯೂ ತನ್ನ ಅಮ್ಮನ ಕೈಯಲ್ಲಿ ಹೀಗೆಯೇ ಉಂಡಿದ್ದಳು.

ಚುಕ್ಕಿ ಮರ ನೋಡಿತು. ಕಂಬ ನೋಡಿತು. ಬಾಯಿ ಬಿಗಿಹಿಡಿಯಿತು.

"ಕಾಕಾ?"

"ಬರುತ್ತೆ. ನೀನು ತಿನ್ನು."

"ಕಾಕಾ."

ತುತ್ತು ತುಟಿಯ ಮೇಲಿಂದ ಜಾರಿ ಲಂಗದ ಮೇಲೆ ಬಿತ್ತು. ದಾಕ್ಷಿ ಫೋನಿನಲ್ಲಿ ಕಾಗೆಯ ವಿಡಿಯೊ ಹಾಕಿ ತೋರಿಸಿದಳು. ಮಗು ಫೋನಿಗೆ ಮೊಸರನ್ನ ಮೆತ್ತಿತು. ಗುಬ್ಬಿ ಎಂದಳು, ನಾಯಿ ಎಂದಳು, ಬೈದಳು. ಅತ್ತೆ ಬಂದು ಪೂಸಿ ಹೊಡೆದರು. ಆ ಮಧ್ಯಾಹ್ನ ಮಗು ಉಣ್ಣಲಿಲ್ಲ. ಉಣ್ಣದ್ದಕ್ಕೆ ಮಲಗಲಿಲ್ಲ. ಮಲಗದ್ದಕ್ಕೆ ದಾಕ್ಷಿ ಕೂರಲಿಲ್ಲ. ರಾತ್ರಿ ಎರಡು ಗುಟುಕು ಹಾಲು, ಅಷ್ಟೆ. ಮರುದಿನ ಬೆಳಿಗ್ಗೆ ಅದೂ ಇಲ್ಲ. ಮಗುವಿನ ಕಣ್ಣ ಕೆಳಗೆ ಸಣ್ಣಗೆ ಗುಳಿ ಬಿದ್ದ ಹಾಗೆ ಕಂಡಿತು.

ದಾಕ್ಷಿ ಮಾಳಿಗೆ ಹತ್ತಿ ನಾಲ್ಕೂ ದಿಕ್ಕು ನೋಡಿದಳು. ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಕರೆದಳು. "ಬಾ ಕಾಗೆ, ಬಾ."

ಎದುರು ಮಾಳಿಗೆಯಲ್ಲಿ ಮೆಣಸಿನಕಾಯಿ ಹರಡುತ್ತಿದ್ದ ಮರಿಸ್ವಾಮಿಯವರಿಗೆ ಕೇಳಿಸಿಯೇಬಿಟ್ಟಿತು.

"ಏನವ್ವಾ, ಓಡಿಸೋದೂ ನೀನೇ, ಕರೆಯೋದೂ ನೀನೇನಾ?"

ಬೇರೆ ದಿನವಾಗಿದ್ದರೆ ಅವರ ಏಳು ತಲೆಮಾರಿಗೂ ಸಾಕಾಗುವ ಉತ್ತರ ಸಿಗುತ್ತಿತ್ತು. ದಾಕ್ಷಿ ಸುಮ್ಮನೆ ಇಳಿದು ಬಂದಳು. ಮಗುವನ್ನು ಒಂದು ಕಂಕುಳಲ್ಲಿ, ಅನ್ನದ ಬಟ್ಟಲನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊಳೆಯ ಕಡೆ ನಡೆದಳು.

ಅಯ್ಯನವರು ಜಗಲಿಯ ಮೇಲೆ ಪೂಜೆಗೆ ಕೂತಿದ್ದರು. ಎಡಗೈಯಲ್ಲಿ ಲಿಂಗ, ನೋಟ ಅದರ ಮೇಲೆ. ದಾಕ್ಷಿ ಒಂದು ಗಳಿಗೆ ಹಿಂಜರಿದಳು. ಮಗು ಸೊರಗಿ ಅವಳ ಭುಜದ ಮೇಲೆ ತಲೆ ಇಟ್ಟಿತ್ತು. ಅಯ್ಯನವರು ಬೈದರೆ ಬೈಯಲಿ ಎಂದುಕೊಂಡು, ಅವರಿಂದ ಸ್ವಲ್ಪ ದೂರಕ್ಕೆ, ಜಗಲಿಯ ಮೆಟ್ಟಿಲ ಮೇಲೆ ಕೂತಳು.

"ಬಾ ಕಾಗೆ, ಬಾ."

ಒಂದು ಕಾಗೆ ಹೊಳೆಯ ಮೇಲಿಂದ ಹಾರಿ ಬಂದು ಅಂಗಳದ ಗೋಡೆಯ ಮೇಲೆ ಕೂತಿತು. ಕತ್ತು ಓರೆ ಮಾಡಿ ನೋಡಿತು. ಕೂಗಲಿಲ್ಲ.

ಚುಕ್ಕಿ ತಲೆ ಎತ್ತಿತು. ಬಾಯಿ ತೆರೆಯಿತು.

ದಾಕ್ಷಿ ತುತ್ತನ್ನು ಅಂಗೈಯಲ್ಲಿ ಉಂಡೆ ಮಾಡಿ, ಬೆರಳ ತುದಿಗೆ ತಂದು, ಬಾಯಿಗಿಟ್ಟಳು. ಮಗು ಅಗಿಯುವುದನ್ನೇ ನೋಡಿದಳು. ಗಂಟಲು ಮೇಲೆ ಹೋಗಿ ಕೆಳಗೆ ಬಂದದ್ದನ್ನು ನೋಡಿದಳು. ಮುಂದಿನ ತುತ್ತು ಕೊಟ್ಟಳು. ಕೆನ್ನೆಯ ಮೇಲೆ ಅಂಟಿದ ಅಗುಳನ್ನು ಬೆರಳಿನಲ್ಲಿ ತೆಗೆದು ಮತ್ತೆ ಬಾಯಿಗೆ ಸೇರಿಸಿದಳು. ಸ್ವಲ್ಪ ತಡೆದಳು, ಮಗು ಉಸಿರು ತೆಗೆದುಕೊಂಡ ಮೇಲೆ ಇನ್ನೊಂದು.

ಗೋಡೆಯ ಮೇಲೆ ಎರಡನೆಯ ಕಾಗೆ ಬಂತು. ಅದು ಕೂಗಿತು. ಅದರ ಹಿಂದೆ ಒಂದು ಹಿಂಡೇ ಬಂದು, ಅನ್ನ ಕಂಡು, ಜಾಗಕ್ಕೆ ಜಗಳ ತೆಗೆದು, ಗೋಡೆಯುದ್ದಕ್ಕೂ ಅರಚತೊಡಗಿದವು. ಸಿದ್ದಮ್ಮ ಒಳಗಿನಿಂದ ಬಂದು ಮೊರ ಬಡಿದಳು. ಸೆರಗು ಬೀಸಿದಳು. ಸ್ವಲ್ಪ ಆ ಕಡೆ ಹೋಗಿ ಉಣ್ಣಿಸಬಾರದೇನೇ ಎಂದು ದಾಕ್ಷಿಯನ್ನು ಕೂಗಿ ಕೇಳಿದಳು. ದಾಕ್ಷಿ ತಿರುಗಲಿಲ್ಲ. ಸಿದ್ದಮ್ಮ ಎರಡೂ ಕಿವಿ ಮುಚ್ಚಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜಗಲಿಯ ನೆರಳು ಸರಿದು ಮೆಟ್ಟಿಲವರೆಗೆ ಬಂತು.

ಬಟ್ಟಲು ಖಾಲಿಯಾಯಿತು. ದಾಕ್ಷಿ ಮಗುವಿನ ಬಾಯಿ ಒರೆಸಿದಳು. ತನ್ನ ಕೈ ತೊಳೆದುಕೊಂಡಳು. ಉದ್ದಕ್ಕೆ ಒಂದು ಉಸಿರು ಬಿಟ್ಟಳು. ತಲೆ ಎತ್ತಿದರೆ ಗೋಡೆಯ ತುಂಬ ಕಪ್ಪು ಕೊಕ್ಕು, ಕಿವಿಯ ತುಂಬ ಕೂಗು.

ಅಯ್ಯನವರು ಪೂಜೆ ಮುಗಿಸಿ ಲಿಂಗವನ್ನು ವಸ್ತ್ರದಲ್ಲಿ ಕಟ್ಟಿಕೊಳ್ಳುತ್ತಿದ್ದರು.

"ನೋಡಿ ಬುದ್ಧಿ, ಇಲ್ಲೂ ಶುರು ಮಾಡಿದವು. ನಿಮ್ಮನ್ನೂ ಕೂರೋಕೆ ಬಿಡಲ್ಲ, ದರಿದ್ರದವು."

ಅಯ್ಯನವರು ಗೋಡೆಯ ಕಡೆ ನೋಡಿದರು. ಆಮೇಲೆ ಖಾಲಿ ಬಟ್ಟಲಿನ ಕಡೆ ನೋಡಿದರು.

"ಯಾವಾಗ ಶುರು ಮಾಡಿದವು, ಮಗಳೇ?"